ಮೂರನೆಯ ಯಂತ್ರ ಸುಮ್ಮನಿದ್ದ ಹೊತ್ತು

2019ರ ಮಾರ್ಚ್ 12, ಮಂಗಳವಾರ, ಮಧ್ಯಾಹ್ನ 2 ಗಂಟೆ 58 ನಿಮಿಷಕ್ಕೆ ಗೋಡೆಯ ಫಲಕದ ಮೇಲೆ ಮೂರನೆಯ ದೀಪ ಹಸಿರಿನಿಂದ ಬೂದುಬಣ್ಣಕ್ಕೆ ತಿರುಗಿತು. ಅವಳು ಚಹಾದ ಲೋಟವನ್ನು ಕೀಲಿಮಣೆಯಿಂದ ದೂರ ಸರಿಸಿ ಮೂವತ್ತು ಸೆಕೆಂಡು ಕಾದಳು. ಒಂದೆರಡು ಸಂದೇಶ ದಾರಿಯಲ್ಲಿ ಬಿದ್ದುಹೋಗಿ ದೀಪ ಆರುವುದೂ, ಮತ್ತೆ ತಾನಾಗಿಯೇ ಹೊತ್ತಿಕೊಳ್ಳುವುದೂ ಉಂಟು. ಈ ಸಲ ಹೊತ್ತಿಕೊಳ್ಳಲಿಲ್ಲ. ಎಚ್ಚರಿಕೆಯ ಗಂಟೆ ಬಡಿದುಕೊಳ್ಳತೊಡಗಿತು. ಅವಳು ಒಳಗಿನ ಫೋನೆತ್ತಿ ಕೆಳಮಹಡಿಯ ಕೋಣೆಗೆ ಕರೆ ಮಾಡಿದಳು.

"ಅತ್ತಿಗೆ, ಮೂರು ಸುಮ್ಮನಾಗಿದೆ."

"ಗೊತ್ತು. ಅದರ ತೆರೆ ಮುಂದೆನೇ ಕೂತಿದ್ದೀನಿ. ಹತ್ತು ನಿಮಿಷದ ಕೆಲಸ. ಮೊದಲು ನಿನ್ನ ಆ ಗಂಟೆ ನಿಲ್ಲಿಸು ಮಾರಾಯ್ತಿ, ಇಲ್ಲೀವರೆಗೂ ಕೇಳಿಸ್ತಿದೆ."

"ಮೂರಕ್ಕೆ ಬರೋ ರಕ್ತದ ಕೊಳವೆಗಳು?"

"ಬೇರೆಯವಕ್ಕೆ ತಿರುಗಿಸಿದ್ದೀನಿ. ಯಾಕೆ, ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ವಾ?"

ಅವಳು ನಕ್ಕು ಫೋನಿಟ್ಟಳು. ಮೂರು ಗಂಟೆ ಎರಡು ನಿಮಿಷಕ್ಕೆ ತನ್ನ ಹೆಸರು, ತನ್ನ ಗುಪ್ತಪದ ಕೊಟ್ಟು, ಮೂರನೆಯ ಯಂತ್ರದ ಗಂಟೆಯನ್ನು ನಿಲ್ಲಿಸಿದಳು. ನಿಯಮದ ಪ್ರಕಾರ ಹಾಗೆ ನಿಲ್ಲಿಸುವ ಮೊದಲು ಕೇಳಿದವರಿಂದ ಒಂದು ಚೀಟಿ ಪಡೆಯಬೇಕು. ಅವರಿಬ್ಬರ ನಡುವೆ ಕೊನೆಯ ಚೀಟಿ ಓಡಾಡಿದ್ದು ಅತ್ತಿಗೆಯ ಮೊದಲ ಬಾಣಂತನಕ್ಕೂ ಮುಂಚೆ.

ಅದು ರಕ್ತಪರೀಕ್ಷೆಯ ಕೇಂದ್ರ ಪ್ರಯೋಗಾಲಯ. ಒಂಬತ್ತು ಚಿಕಿತ್ಸಾಲಯಗಳಿಂದ ದಿನವಿಡೀ ಕೊಳವೆಗಳು ಬರುತ್ತಿದ್ದವು. ಪ್ರತಿ ಕೊಳವೆಯೂ ಒಂದು ಕೆಲಸ. ಕೆಲಸಗಳೆಲ್ಲ ಒಂದು ಸಾಲಿನಲ್ಲಿ ನಿಲ್ಲುತ್ತಿದ್ದವು. ಆವರಣದ ಬೇರೆಬೇರೆ ಕಟ್ಟಡಗಳಲ್ಲಿದ್ದ ನಾಲ್ಕು ಯಂತ್ರಗಳು ಬಿಡುವಾದಂತೆಲ್ಲ ಸಾಲಿನ ತುದಿಯಿಂದ ಒಂದೊಂದನ್ನು ಎತ್ತಿಕೊಳ್ಳುತ್ತಿದ್ದವು. ಎತ್ತಿಕೊಂಡಾಗ 'ಬಂತು' ಎಂದು, ಪರೀಕ್ಷೆ ಆರಂಭಿಸಿದಾಗ 'ಶುರು' ಎಂದು, ಕೊನೆಗೆ 'ಮುಗಿಯಿತು' ಅಥವಾ 'ಸೋತಿತು' ಎಂದು ಯಂತ್ರ ಒಂದೊಂದು ಸಂದೇಶ ಕಳುಹಿಸುತ್ತಿತ್ತು. ಇದಲ್ಲದೆ ಎರಡು ಸೆಕೆಂಡಿಗೊಮ್ಮೆ 'ಇದ್ದೇನೆ' ಎನ್ನುತ್ತಿತ್ತು. ಯಂತ್ರಗಳಿಂದ ಈ ಮಾತುಗಳನ್ನು ಹೊರಡಿಸುವ ಕಂಪ್ಯೂಟರ್ ಕ್ರಮವಿಧಿ ಅತ್ತಿಗೆ ಬರೆದದ್ದು. ಕೇಳಿಸಿಕೊಂಡು ಫಲಕದಲ್ಲಿ ತೋರಿಸುವ, 'ಸೋತಿತು' ಎಂಬ ಮಾತು ಬಂದರೆ ತಂತ್ರಜ್ಞನ ಫೋನು ಬಾರಿಸಿ ಕೈಯಿಂದ ಪರೀಕ್ಷೆ ಮಾಡಿಸುವ ಕ್ರಮವಿಧಿ ಅವಳದು. ಅದಕ್ಕೇ ಅಲ್ಲಿ ಅತ್ತಿಗೆಯನ್ನು 'ಬಾಯಿ' ಎಂದೂ ಅವಳನ್ನು 'ಕಿವಿ' ಎಂದೂ ಕರೆಯುತ್ತಿದ್ದರು. ಹೆಸರಿಟ್ಟವನು ಕಡ್ಡಿಯಂತಿದ್ದ ತಂತ್ರಜ್ಞ, ಅವನಿಗೆ ಉಳಿದವರು ಇಟ್ಟ ಹೆಸರು 'ಸಿರಿಂಜು'. "ಬಾಯಿ, ಕಿವಿ ಎರಡೂ ಒಂದೇ ಮನೆಯವು. ಇನ್ನು ಗುಟ್ಟು ಉಳಿಯೋದು ಹೇಗ್ರೀ?" ಎನ್ನುತ್ತಿದ್ದ.

ಅತ್ತಿಗೆ ಮೊದಲು ಗೆಳತಿ. ಭೌತವಿಜ್ಞಾನದ ತರಗತಿಯಲ್ಲಿ ಮೂರು ವರ್ಷ ಒಂದೇ ಬೆಂಚು. ಅಣ್ಣನ ಕನ್ನಡಕದ ಅಂಗಡಿಗೆ ಅವಳನ್ನು ಕರೆದುಕೊಂಡು ಹೋದದ್ದೂ ಇವಳೇ. ಒಂದು ಜೊತೆ ಗಾಜು ಹಾಕಿಸಲು ಆ ಹುಡುಗಿ ಐದು ಸಲ ಬಂದಾಗ ಅಮ್ಮ, "ಕಣ್ಣಿಗೆ ಏನೂ ಆಗಿಲ್ಲ ಅವಳಿಗೆ, ಬೇರೆ ಎಲ್ಲೋ ಆಗಿದೆ" ಎಂದಿದ್ದಳು. ಮದುವೆಯಾದ ಮರುವರ್ಷ ಪ್ರಯೋಗಾಲಯದಲ್ಲಿ ಜಾಗ ಖಾಲಿಯಾದಾಗ ಇವಳ ಅರ್ಜಿಯನ್ನು ಅತ್ತಿಗೆಯೇ ಕೈಯಾರೆ ಬರೆದು ಮುಖ್ಯಸ್ಥರ ಮೇಜಿನ ಮೇಲಿಟ್ಟಳು. ಹಾಗೆ ಹನ್ನೊಂದು ವರ್ಷ ಕಳೆದಿತ್ತು.

ಆ ಮಂಗಳವಾರ ನಾಲ್ಕು ಗಂಟೆಗೂ ದೀಪ ಬೂದುಬಣ್ಣದಲ್ಲೇ ಇತ್ತು. ಅವಳು ಮತ್ತೊಮ್ಮೆ ಕೆಳಗೆ ಕರೆ ಮಾಡಿದಳು, ಯಾರೂ ಎತ್ತಲಿಲ್ಲ. ಮೂರನೆಯ ಕಟ್ಟಡಕ್ಕೆ ಹೋಗಿ ಯಂತ್ರದ ಹಿಂದೆ ತಲೆ ತೂರಿಸಿ ಕೂತಿರಬೇಕು ಎಂದುಕೊಂಡಳು. ಐದೂವರೆಗೂ ದೀಪ ಹಾಗೇ ಇತ್ತು; ಆಗ ಕರೆ ಮಾಡಲಿಲ್ಲ.

ಸಂಜೆ 6 ಗಂಟೆ 41 ನಿಮಿಷಕ್ಕೆ ಮೂರನೆಯ ದೀಪ ಒಮ್ಮೆಲೇ ಹಸಿರಾಯಿತು. ಅದರ ಬೆನ್ನಿಗೇ ತೆರೆಯ ಮೇಲೆ ಸಂದೇಶಗಳು ಧೋ ಎಂದು ಸುರಿದವು: ಬಂತು, ಶುರು, ಮುಗಿಯಿತು, ಬಂತು, ಶುರು, ಮುಗಿಯಿತು. ಓದಲು ಆಗದಷ್ಟು ವೇಗ. ಹನ್ನೊಂದು ಸೆಕೆಂಡಿನಲ್ಲಿ 412 ಕೊಳವೆಗಳ ಕಥೆ ಹರಿದುಹೋಯಿತು. ಅತ್ತಿಗೆ ಬೇರೆ ಯಂತ್ರಗಳಿಗೆ ತಿರುಗಿಸಿದ್ದಾಳೆ ಎಂದುಕೊಂಡಿದ್ದ ಕೊಳವೆಗಳು ಅವೆಲ್ಲ. ಅವುಗಳಲ್ಲಿ ಒಂದೇ ಒಂದು 'ಸೋತಿತು' ಇತ್ತು. ಸಿರಿಂಜಿನ ಫೋನು ಬಡಿದುಕೊಂಡಿತು. ಅವನು ಮೂರನೆಯ ಕಟ್ಟಡಕ್ಕೆ ಓಡಿ, ಯಂತ್ರ ಪಕ್ಕಕ್ಕೆ ತಳ್ಳಿಟ್ಟಿದ್ದ ಕೊಳವೆಯನ್ನು ಹುಡುಕಿ, ಕೈಯಿಂದ ಪರೀಕ್ಷೆ ಮಾಡಿದ. ಪೊಟ್ಯಾಸಿಯಂ ಲೀಟರಿಗೆ 7.1 ಮಿಲಿಮೋಲ್. ಐದು ದಾಟಿದರೇ ಎಚ್ಚರ ವಹಿಸಬೇಕು. ಏಳು ದಾಟಿದರೆ ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು.

ಸಿರಿಂಜು ಚಿಕಿತ್ಸಾಲಯಕ್ಕೆ ಫೋನು ಮಾಡಿದ. ಆ ಕಡೆಯ ದಾದಿ, "ಈಗ ಹೇಳ್ತಿದ್ದೀರಾ?" ಎಂದಳು. ಐವತ್ತೆಂಟು ವರ್ಷದ ಬಡಗಿಯೊಬ್ಬನ ರಕ್ತ ಅದು. ಆರೂ ಇಪ್ಪತ್ತಕ್ಕೆ ಅವನ ಹೃದಯ ನಿಂತಿತ್ತು. ನಾಲ್ಕು ನಿಮಿಷದ ಮೇಲೆ ಮತ್ತೆ ಓಡಿಸಿದ್ದರು.

ಅವಳು ಕೆಳಗಿಳಿದು ಹೋದಾಗ ಅತ್ತಿಗೆ ಕುರ್ಚಿಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ಈಗಷ್ಟೇ ಬಂದವಳ ಹಾಗೆ, ಅಥವಾ ಹೊರಡಲಿರುವವಳ ಹಾಗೆ. ಇವಳನ್ನು ಕಂಡವಳೇ ಎದ್ದು ಬಿಗಿಯಾಗಿ ತಬ್ಬಿಕೊಂಡಳು. "ಏನೂ ಮಾತಾಡ್ಬೇಡ ಈಗ. ನಾನಿದ್ದೀನಿ" ಎಂದಳು. ಅತ್ತಿಗೆಯ ಕೂದಲಿನಲ್ಲಿ ಜ್ವರದ ಸಿರಪ್ಪಿನ ಸಿಹಿವಾಸನೆ ಇತ್ತು. ಅದು ಯಾಕೆಂದು ಅವಳಿಗೆ ಆಗ ಹೊಳೆಯಲಿಲ್ಲ.

ಒಂದು ವಾರದ ನಂತರ ವಿಚಾರಣೆ. ಹೊರಗಿನಿಂದ ಕರೆಸಿದ್ದ ವಿಚಾರಣಾಧಿಕಾರಿ ನಿವೃತ್ತ ರಸಾಯನಶಾಸ್ತ್ರಜ್ಞೆ. ಎಲ್ಲವನ್ನೂ ಚೂಪು ಪೆನ್ಸಿಲಿನಲ್ಲಿ ಬರೆದುಕೊಳ್ಳುವ, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಅಭ್ಯಾಸ ಆಕೆಗೆ. ಕೋಣೆಯ ಹೊರಗಿನ ಬೆಂಚಿನ ಮೇಲೆ ಬಡಗಿಯ ಹೆಂಡತಿ ಕೂತಿದ್ದಳು. ಕರೆಗಾಗಿ ಕಾಯುತ್ತ ಅವಳೂ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ನೀವು ಡಾಕ್ಟ್ರಾ?" ಎಂದು ಆ ಹೆಂಗಸು ಕೇಳಿದಳು.

"ಅಲ್ಲ. ಇಲ್ಲಿ ಕೆಲಸ ಮಾಡ್ತೀನಿ."

"ಹಂಗಾದ್ರೆ ನಿಮಗೆ ಗೊತ್ತಿರುತ್ತೆ. ಫೋನ್ ಬಂದಿದ್ರೆ ಚುಚ್ಚುಮದ್ದು ಕೊಟ್ಟು ಸರಿ ಮಾಡ್ತಿದ್ವಿ ಅಂದ್ರು ಅಲ್ಲಿ. ಫೋನ್ ಮಾಡೋರು ಯಾರು?" ಉತ್ತರಕ್ಕೆ ಕಾಯದೆ ಮುಂದುವರಿಸಿದಳು. "ನಿನ್ನೆ ಅವರ ಉಳಿ ತಂದು ಕೈಗೆ ಕೊಟ್ಟೆ. ಮೂವತ್ತು ವರ್ಷ ಹಿಡಿದ ಉಳಿ. ತಗೊಂಡು ತಲೆ ಬಾಚ್ಕೊಳ್ಳೋಕೆ ಹೋದ್ರು."

ಒಳಗೆ ಅತ್ತಿಗೆಯ ಹೇಳಿಕೆ ಮುಗಿದಿತ್ತು. ಅಧಿಕಾರಿ ಅದನ್ನು ಅವಳೆದುರು ಓದಿದರು. ಮೂರನೆಯ ಯಂತ್ರ ಎಂದಿನಂತೆ ಸಂದೇಶ ಕಳುಹಿಸುತ್ತಲೇ ಇತ್ತು. ಬಡಗಿಯ ಕೊಳವೆಯ 'ಸೋತಿತು' ಸಂದೇಶದ ಮೈಮೇಲೆ ಹೊರಟ ಹೊತ್ತು 3 ಗಂಟೆ 17 ನಿಮಿಷ 8 ಸೆಕೆಂಡು ಎಂದೇ ಇದೆ. ಕೇಳುವ ಕಡೆಯ ದಾಖಲೆಯಲ್ಲಿ ಅದು ಸೇರಿದ್ದು 6 ಗಂಟೆ 41 ನಿಮಿಷ 10 ಸೆಕೆಂಡಿಗೆ. ಅಷ್ಟು ಹೊತ್ತು ಸಂದೇಶಗಳು ಕೇಳುವವರ ಬಾಗಿಲಲ್ಲಿ ರಾಶಿ ಬಿದ್ದಿದ್ದವು. ಮೂರು ಗಂಟೆ ಎರಡು ನಿಮಿಷಕ್ಕೆ ಆ ಯಂತ್ರದ ಗಂಟೆಯನ್ನು ನಿಲ್ಲಿಸಿದ್ದು ಯಾರ ಹೆಸರಿನಲ್ಲಿ ಎಂಬುದೂ ದಾಖಲೆಯಲ್ಲಿತ್ತು.

"ಅತ್ತಿಗೆ ಹೇಳಿದ್ದಕ್ಕೆ ನಿಲ್ಲಿಸಿದೆ. ಫೋನಿನಲ್ಲಿ ಹೇಳಿದ್ರು" ಎಂದಳು ಅವಳು.

ಅಧಿಕಾರಿ ಅತ್ತಿಗೆಯ ಕಡೆ ತಿರುಗಿದರು. ಅತ್ತಿಗೆ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದಳು.

"ಆ ಫೋನು ನನಗೆ ನೆನಪಿಲ್ಲ" ಎಂದಳು. "ಮೂರೂ ಹತ್ತಕ್ಕೆ ನಾನು ಸ್ಕೂಲಿಂದ ಮಗುನ ಕರ್ಕೊಂಡು ಬರೋಕೆ ಹೊರಟೆ, ಜ್ವರ ಬಂದಿತ್ತು. ಆಗ ಮೂರು ಚೆನ್ನಾಗೇ ಮಾತಾಡ್ತಿತ್ತು."

"ಚೀಟಿ ಇದೆಯಾ?" ಎಂದು ಅಧಿಕಾರಿ ಇವಳನ್ನು ಕೇಳಿದರು.

"ಇಲ್ಲ."

ಪೆನ್ಸಿಲು ಕಾಗದದ ಮೇಲೆ ಓಡಿತು. "ಚೀಟಿ ಇಲ್ಲ" ಎಂದು ಆಕೆ ಗಟ್ಟಿಯಾಗಿ ಓದಿದರು.

ಹೊರಗೆ ಬಂದ ಮೇಲೆ ಅತ್ತಿಗೆ ಮೆಟ್ಟಿಲಿನ ತಿರುವಿನಲ್ಲಿ ಅವಳನ್ನು ಹಿಡಿದು ನಿಲ್ಲಿಸಿದಳು. "ಆ ದಿನ ತಲೆ ನೆಟ್ಟಗಿರಲಿಲ್ಲ ಕಣೇ, ನಿಜವಾಗ್ಲೂ ನೆನಪಿಲ್ಲ. ಭಾನುವಾರ ಊಟಕ್ಕೆ ಬಾ, ಮಾತಾಡೋಣ. ಅಮ್ಮ ಕೇಳ್ತಿದ್ರು." ನೆನಪಿಲ್ಲದಿರಬಹುದು ಎಂದೇ ಅವಳು ನಂಬಿದಳು. ಮನುಷ್ಯರ ನೆನಪಿಗೆ ಏನು ಬೇಕಾದರೂ ಆಗಬಹುದು. ಆದರೆ ತನ್ನ ಕ್ರಮವಿಧಿ ಮೂರೂವರೆ ಗಂಟೆ ಸಂದೇಶಗಳನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದು ಹೇಗೆ? ಗಂಟೆ ನಿಲ್ಲಿಸಿದರೆ ಸದ್ದು ನಿಲ್ಲಬೇಕೇ ಹೊರತು ಕೇಳುವುದು ನಿಲ್ಲಬಾರದು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಲಿಖಿತ ವಿವರಣೆ ಕೊಡಬೇಕಿತ್ತು. ಕೊಡದಿದ್ದರೆ, ಅಥವಾ ಕೊಟ್ಟದ್ದು ಸಾಲದಿದ್ದರೆ, ಕೆಲಸ ಹೋಗುವುದಷ್ಟೇ ಅಲ್ಲ. ಬಡಗಿಯ ಕಡತದಲ್ಲಿ ಕಾರಣ ಎಂದು ಬರೆದ ಜಾಗದಲ್ಲಿ ಅವಳ ಹೆಸರು ಶಾಶ್ವತವಾಗಿ ಉಳಿಯುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಅವಳು ತನ್ನ ಕ್ರಮವಿಧಿಯನ್ನು ಮೂರನೆಯ ಸಲ ಸಾಲುಸಾಲಾಗಿ ಓದಿ ಮುಗಿಸಿದಳು. ತಪ್ಪು ಸಿಗಲಿಲ್ಲ. ಸಿಕ್ಕಿದ್ದರೆ ನೆಮ್ಮದಿಯಾಗುತ್ತಿತ್ತು. ಆಮೇಲೆ ಸುಮ್ಮನೆ ಆ ದಿನದ ಸಂದೇಶಗಳನ್ನು ತೆರೆದು ಕೂತಳು. ಪ್ರತಿ ಸಂದೇಶದ ಮೈಮೇಲೆ ಗಡಿಯಾರದ ಹೊತ್ತಿನ ಪಕ್ಕದಲ್ಲಿ ಒಂದು ಪುಟ್ಟ ಸಂಖ್ಯೆಯೂ ಇರುತ್ತದೆ. ಅದನ್ನು ಯಾರೂ ನೋಡುವುದಿಲ್ಲ. ಅದರ ಹೆಸರು ಎಣಿಕೆ.

ಎಣಿಕೆಯನ್ನು ಅವಳಿಗೆ ಹೇಳಿಕೊಟ್ಟದ್ದು ಅತ್ತಿಗೆ. ಹನ್ನೊಂದು ವರ್ಷದ ಹಿಂದೆ, ಅಣ್ಣನ ಮನೆಯ ಊಟದ ಮೇಜಿನ ಮೇಲೆ. ಅಮ್ಮ ದರ್ಜಿ ಕೆಲಸ ಮಾಡುತ್ತಿದ್ದ ಕಾಲದ ಗುಂಡಿಗಳ ಡಬ್ಬಿಯನ್ನು ಸುರುವಿ, ಅತ್ತಿಗೆ ನಾಲ್ಕು ಬಣ್ಣದ ಗುಂಡಿಗಳನ್ನು ನಾಲ್ಕು ಮೂಲೆಯಲ್ಲಿಟ್ಟಿದ್ದಳು. "ನೋಡು, ನಾಲ್ಕು ಯಂತ್ರಕ್ಕೂ ಬೇರೆಬೇರೆ ಗಡಿಯಾರ. ಒಂದು ಮುಂದೆ ಓಡುತ್ತೆ, ಒಂದು ಹಿಂದೆ. ಯಾರಾದ್ರೂ ಮುಳ್ಳು ತಿರುಗಿಸಲೂಬಹುದು. ಅದಕ್ಕೆ ಹೊತ್ತು ನಂಬೋ ಹಾಗಿಲ್ಲ. ಪ್ರತಿಯೊಬ್ಬರೂ ಮಾತಾಡುವಾಗ, ತಾನು ಈವರೆಗೆ ಕೇಳಿದ ದೊಡ್ಡ ಸಂಖ್ಯೆಗಿಂತ ಒಂದು ಹೆಚ್ಚು ಹೇಳ್ಬೇಕು. ಅಷ್ಟೇ ನಿಯಮ. ಐದು ಕೇಳದೇ ಇದ್ದೋರು ಆರು ಅನ್ನೋಕೆ ಆಗಲ್ಲ. ಯಾರು ಮೊದಲು, ಯಾರು ಆಮೇಲೆ, ಇದು ಒಂದೇ ಸುಳ್ಳು ಹೇಳಲ್ಲ." ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಆಟ ಮುಗಿದ ಮೇಲೆ ಎಣಿಸಿ ಡಬ್ಬಿಗೆ ಹಾಕಿ. ಒಂದು ಕಮ್ಮಿ ಬಂದ್ರೂ ಇಬ್ಬರಿಗೂ ಊಟ ಇಲ್ಲ" ಎಂದಿದ್ದಳು.

ಅವಳು ಬಡಗಿಯ ಕೊಳವೆಯ ಸಂದೇಶವನ್ನು ಹುಡುಕಿದಳು. ಹೊತ್ತು, 3 ಗಂಟೆ 17 ನಿಮಿಷ 8 ಸೆಕೆಂಡು. ಎಣಿಕೆ, 91,522.

ಅದೇ ಸೆಕೆಂಡಿನಲ್ಲಿ ಒಂದನೆಯ ಯಂತ್ರ ಕಳುಹಿಸಿದ್ದ 'ಇದ್ದೇನೆ' ಸಂದೇಶದ ಎಣಿಕೆ 69,588.

ಉಳಿದ ಯಂತ್ರಗಳ ಎಣಿಕೆ ತೊಂಬತ್ತೊಂದು ಸಾವಿರ ದಾಟಿದ್ದು ಯಾವಾಗ ಎಂದು ಅವಳು ಹುಡುಕಿದಳು: ಸಂಜೆ ಆರೂವರೆಯಾದ ಮೇಲೆ. ಆಮೇಲೆ ಮೂರನೆಯ ಯಂತ್ರದ ಎಲ್ಲ ಸಂದೇಶಗಳನ್ನು ಎಣಿಕೆಯ ಕ್ರಮದಲ್ಲಿ ಜೋಡಿಸಿದಳು. 412 ಕೊಳವೆ, ಒಂದೊಂದಕ್ಕೆ ಮೂರು, ಒಟ್ಟು 1,236 ಸಂದೇಶಗಳು. 91,406ರಿಂದ 92,641ರವರೆಗೆ, ನಡುವೆ ಒಂದೇ ಒಂದು ಸಂಖ್ಯೆಯೂ ಬಿಟ್ಟುಹೋಗಿರಲಿಲ್ಲ. ನಾಲ್ಕು ಯಂತ್ರಗಳು ಒಟ್ಟಿಗೆ ಮಾತಾಡುವ ದಿನದಲ್ಲಿ ಸಂಖ್ಯೆಗಳು ಹಾಗೆ ಸಾಲಾಗಿ ಬರುವುದಿಲ್ಲ. ಒಬ್ಬರ ಮಾತಿನ ನಡುವೆ ಇನ್ನೊಬ್ಬರು ಬಾಯಿ ಹಾಕುತ್ತಲೇ ಇರುತ್ತಾರೆ. ಇದು ಒಂದೇ ಬಾಯಿ ಉಸಿರು ಬಿಡದೆ ಹೇಳಿದ ಮಾತು. ಮಧ್ಯಾಹ್ನವಿಡೀ ಮೂರನೆಯ ಯಂತ್ರ ಕೆಲಸ ಮಾಡಿತ್ತು, ಉಳಿದವರ ಮಾತು ಕೇಳಿಸಿಕೊಂಡಿತ್ತು. ತಾನು ಮಾತ್ರ ತುಟಿ ಬಿಚ್ಚಿರಲಿಲ್ಲ. ಸಂಜೆ ಯಾರೋ ಅದರ ಕೆಲಸದ ಪಟ್ಟಿಯನ್ನು ತೆಗೆದು, ಪ್ರತಿ ಮಾತಿನ ಮೇಲೂ ಮಧ್ಯಾಹ್ನದ ಹೊತ್ತನ್ನು ಬರೆದು, ಎಲ್ಲವನ್ನೂ ಒಟ್ಟಿಗೆ ಹೊರಡಿಸಿದ್ದರು. ಹೊತ್ತನ್ನು ಬರೆಯಬಹುದು. ಎಣಿಕೆಯನ್ನು ಯಂತ್ರ ತಾನೇ ಹಾಕುತ್ತದೆ.

ಮರೆವಿಗೆ 1,236 ಸಂದೇಶಗಳನ್ನು ತಿದ್ದಲು ಬರುವುದಿಲ್ಲ. ಅವಳು ಮುದ್ರಿಸಿದ ಹಾಳೆಯನ್ನು ನಾಲ್ಕಾಗಿ ಮಡಚಿ ಕೈಚೀಲಕ್ಕೆ ಹಾಕಿಕೊಂಡಳು.

ಭಾನುವಾರ ಅಣ್ಣನ ಮನೆಯಲ್ಲಿ ಎಂದಿನಂತೆ ಊಟವಾಯಿತು. ಎರಡೂ ಮಕ್ಕಳು ಅತ್ತೆಯ ಎರಡು ಪಕ್ಕದಲ್ಲಿ ಕೂತು, ಯಾರ ತಟ್ಟೆ ಮೊದಲು ಖಾಲಿ ಎಂದು ಪಂದ್ಯ ಕಟ್ಟಿ, ಸೋತ ಚಿಕ್ಕವನು ಅತ್ತು, ಕೊನೆಗೆ ಹಿತ್ತಲಿಗೆ ಓಡಿಹೋದರು. ಅಮ್ಮ ಕಿಟಕಿಯ ಬಳಿ ಅಣ್ಣನ ಅಂಗಿಗೆ ಗುಂಡಿ ಹೊಲಿಯುತ್ತ ಕೂತಳು. ಅವಳು ಹಾಳೆಯನ್ನು ಬಿಚ್ಚಿ ಮೇಜಿನ ಮೇಲೆ, ಅತ್ತಿಗೆಯ ಲೋಟದ ಪಕ್ಕದಲ್ಲಿಟ್ಟಳು.

ಅತ್ತಿಗೆ ಓದಿದಳು. ಅವಳಿಗೆ ಅರ್ಥವಾಗಲು ಎಷ್ಟು ಹೊತ್ತು ಬೇಕಾಗುತ್ತದೆಂದು ಇವಳಿಗೆ ಗೊತ್ತಿತ್ತು; ಅಷ್ಟೂ ಬೇಕಾಗಲಿಲ್ಲ.

"ಎಣಿಕೆ" ಎಂದಳು ಅತ್ತಿಗೆ. ಒಂದು ಬಗೆಯ ನಗು ಬಂದು ಹೋಯಿತು. "ನಾನೇ ಹೇಳಿಕೊಟ್ಟಿದ್ದು."

"ಇದೇ ಮೇಜಿನ ಮೇಲೆ."

"ತಿಂಗಳ ವರದಿ ನಾಲ್ಕು ಗಂಟೆಗೆ ಬೇಕು ಅಂತ ಮುಖ್ಯಸ್ಥರು ತಲೆ ಮೇಲೆ ಕೂತಿದ್ರು. ಅದನ್ನ ಮೂರನೇ ಯಂತ್ರದಲ್ಲಿ ಓಡಿಸಿದೆ, ತೆವಳ್ತಾ ಇತ್ತು. ಸಂದೇಶ ಕಳಿಸೋದು ನಿಲ್ಲಿಸಿದ್ರೆ ಹಗುರಾಗುತ್ತೆ ಅಂತ ನಿಲ್ಲಿಸಿದೆ. ಕೊಳವೆ ತಿರುಗಿಸ್ಬೇಕು ಅನ್ನೋಷ್ಟರಲ್ಲಿ ಸ್ಕೂಲಿಂದ ಫೋನು, ಮಗುಗೆ ನೂರಾ ಮೂರು ಜ್ವರ ಅಂತ. ಎದ್ದು ಓಡಿದೆ. ಮರ್ತೆ. ಮರೆತಿದ್ದು ಅಪರಾಧನಾ?"

"ಮರೆತಿದ್ದನ್ನ ನಾನು ಕೇಳ್ತಿಲ್ಲ. ಆಮೇಲೆ ಕೂತು ಹೊತ್ತು ಬರೆದ್ಯಲ್ಲ, ಅದನ್ನ ಕೇಳ್ತಿದ್ದೀನಿ. ಫೋನು ನೆನಪಿಲ್ಲ ಅಂದ್ಯಲ್ಲ, ಅದನ್ನ."

ಅತ್ತಿಗೆ ಲೋಟವನ್ನು ಅರ್ಧ ಸುತ್ತು ತಿರುಗಿಸಿದಳು. "ನಿಂದು ಬರೀ ಚೀಟಿ ತಗೊಳ್ಳದ ತಪ್ಪು ಅಂತ ಆಗುತ್ತೆ ಅಂದ್ಕೊಂಡೆ. ಒಂದು ಎಚ್ಚರಿಕೆ ಕೊಟ್ಟು ಬಿಡ್ತಾರೆ. ನನ್ನದಾದ್ರೆ ಪೊಲೀಸು, ಕೋರ್ಟು. ಎರಡು ಮಕ್ಕಳನ್ನ ಇಟ್ಕೊಂಡು ನಾನೇನು ಮಾಡ್ಲಿ? ನೀನು ಒಬ್ಬಳೇ ಇರೋಳು. ತಡ್ಕೋತೀಯ."

ಅವಳು ಅಣ್ಣನ ಕಡೆ ನೋಡಿದಳು. ಅಣ್ಣ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತಿದ್ದ. ಅಂಗಡಿಗೆ ಬಂದವರಿಗೆಲ್ಲ ಅಂಗಿಯಿಂದ ಗಾಜು ಒರೆಸಬೇಡಿ, ಗೀರು ಬೀಳುತ್ತದೆ ಎಂದು ಇಪ್ಪತ್ತು ವರ್ಷದಿಂದ ಹೇಳುತ್ತ ಬಂದವನು.

"ನಿಂಗೆ ಯಾವಾಗ ಗೊತ್ತಾಯ್ತು?" ಎಂದಳು.

"ಏನು?"

"ಅಣ್ಣ. ಯಾವಾಗ?"

ಅವನು ಬೆಳಕಿಗೆ ಗಾಜು ಹಿಡಿದು ನೋಡಿದ. "ಆ ದಿನನೇ. ವಾಪಸ್ ಲ್ಯಾಬಿಗೆ ಬಿಡೋಕೆ ನಾನೇ ಹೋಗಿದ್ದು. ಅವಳು ಕೆಲಸ ಮುಗಿಸೋವರೆಗೂ ಗೇಟಿನ ಹತ್ರ ಕಾರಲ್ಲೇ ಇದ್ದೆ." ಕನ್ನಡಕ ಹಾಕಿಕೊಂಡು, "ನೀನು ಹೊಂದ್ಕೊಂಡು ಹೋಗ್ತೀಯ ಅಂತ ನಾನೇ ಅವಳಿಗೆ ಹೇಳಿದ್ದು. ಇನ್ನೊಂದು ಕೆಲಸ ನೋಡೋಣ, ನನಗೆ ಜನ ಗೊತ್ತು" ಎಂದ.

"ಆ ಬಡಗಿ?"

"ಯಾರ ಹೆಸರು ಬರೆದ್ರೂ ಅವನಿಗೆ ಏನು ಬದಲಾಗುತ್ತೆ ಹೇಳು."

ಹಿತ್ತಲಿನಿಂದ ಮಕ್ಕಳ ಕೂಗು ಬಂತು. ಕಿಟಕಿಯ ಬಳಿ ಅಮ್ಮ ದಾರವನ್ನು ಹಲ್ಲಿನಿಂದ ಕಡಿದಳು. ಅಮ್ಮನನ್ನು ಕೇಳಬಾರದು ಎಂದು ಅವಳು ದಾರಿಯುದ್ದಕ್ಕೂ ತೀರ್ಮಾನಿಸಿಕೊಂಡು ಬಂದಿದ್ದಳು.

"ಅಮ್ಮ, ನಿಂಗೂ ಗೊತ್ತಿತ್ತಾ?"

ಅಮ್ಮ ಅಂಗಿಯನ್ನು ತೊಡೆಯ ಮೇಲೆ ಹರಡಿ, ಹೊಲಿದ ಗುಂಡಿಯನ್ನು ಕಾಜಕ್ಕೆ ಹಾಕಿ ತೆಗೆದು, ಮತ್ತೆ ಹಾಕಿದಳು. "ಮನೆ ಉಳೀಬೇಕಲ್ವೇನೇ" ಎಂದಳು, ಅಂಗಿಗೆ ಹೇಳುವ ಹಾಗೆ. ಆಮೇಲೆ, "ಊಟ ಸರಿಯಾಗಿ ಮಾಡ್ಲಿಲ್ಲ ನೀನು" ಎಂದಳು.

ಅವಳು ಹಾಳೆಯನ್ನು ಮತ್ತೆ ನಾಲ್ಕಾಗಿ ಮಡಚಿದಳು. ಅತ್ತಿಗೆ ಅದರ ಒಂದು ತುದಿಯ ಮೇಲೆ ಬೆರಳಿಟ್ಟಿದ್ದಳು. ಒತ್ತಿರಲಿಲ್ಲ, ಸುಮ್ಮನೆ ಇಟ್ಟಿದ್ದಳು. ಇವಳು ಎಳೆದಾಗ ಬೆರಳು ಮೇಜಿನ ಮೇಲೆ ಹಾಗೇ ಉಳಿಯಿತು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ದೊಡ್ಡ ಮಗು ಓಡಿಬಂದು, "ಅತ್ತೆ, ಮುಂದಿನ ಭಾನುವಾರ ನೀನು ನಮ್ಮ ಪಂದ್ಯಕ್ಕೆ ತೀರ್ಪುಗಾರ್ತಿ" ಎಂದಿತು. ಅವಳು ಅದರ ಹಣೆ ಮುಟ್ಟಿ ನೋಡಿದಳು. ಜ್ವರ ಬಿಟ್ಟಿತ್ತು.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಅವಳು ತನ್ನ ಮೇಜಿಗೆ ಬಂದಳು. ಸಿರಿಂಜು ಚಹಾ ತಂದಿಟ್ಟು ಹೋದ. ವಿವರಣೆಯ ನಮೂನೆಯನ್ನು ಅಧಿಕಾರಿಯ ಕಚೇರಿಯವರೇ ಅರ್ಧ ತುಂಬಿಸಿ ಕಳುಹಿಸಿದ್ದರು. ಒಂಬತ್ತನೆಯ ಕಲಮು: 'ಸಂದೇಶ ಹೊರಟದ್ದಕ್ಕೂ ಸ್ವೀಕರಿಸಿದ್ದಕ್ಕೂ ನಡುವಿನ ಅಂತರ.' ಅದರ ಮುಂದೆ ಪೆನ್ಸಿಲಿನಲ್ಲಿ, ಚೂಪಾದ ಅಕ್ಷರಗಳಲ್ಲಿ, '3 ಗಂಟೆ 24 ನಿಮಿಷ 2 ಸೆಕೆಂಡು' ಎಂದಿತ್ತು. ಒಪ್ಪಿಗೆಯಿದ್ದರೆ ಸಹಿ ಮಾಡಬೇಕು, ಇಲ್ಲದಿದ್ದರೆ ಕಾರಣ ಕೊಟ್ಟು ತಿದ್ದಬೇಕು.

ಅವಳು ಮೊದಲು ಹತ್ತನೆಯ ಕಲಮು ತುಂಬಿಸಿದಳು. ಮೂರನೆಯ ಯಂತ್ರದ ಗಂಟೆಯನ್ನು ಚೀಟಿ ಪಡೆಯದೆ ನಿಲ್ಲಿಸಿದ್ದು ತನ್ನ ತಪ್ಪು ಎಂದು ಬರೆದಳು. ಆಮೇಲೆ ಒಂಬತ್ತಕ್ಕೆ ಬಂದಳು. ಸಾಲುಸಾಲು ಸಂದೇಶಗಳ ಹಿಂದಿನ ಮಾತು ಎರಡನೆಯ ಯಂತ್ರದ್ದು, ಎಣಿಕೆ 91,405. ಅದು ಹೊರಟದ್ದು ಸಂಜೆ 6 ಗಂಟೆ 41 ನಿಮಿಷ 9.12 ಸೆಕೆಂಡಿಗೆ. ಅದನ್ನು ಕೇಳದೆ ಮೂರನೆಯ ಯಂತ್ರ 91,406 ಎನ್ನಲಾಗದು. ಆದ್ದರಿಂದ ಬಡಗಿಯ ಸಂದೇಶ, 91,522, ಅದಕ್ಕಿಂತ ಮುಂಚೆ ಹೊರಟಿರಲಾರದು. ಕಿವಿ ಅದನ್ನು ಕೇಳಿಸಿಕೊಂಡದ್ದು 6 ಗಂಟೆ 41 ನಿಮಿಷ 10.25 ಸೆಕೆಂಡಿಗೆ. ಅವಳು ಹಾಳೆಯ ಅಂಚಿನಲ್ಲಿ ಕಳೆಯುವ ಲೆಕ್ಕ ಹಾಕಿದಳು. ಸಣ್ಣ ಲೆಕ್ಕ, ಆದರೂ ಎರಡು ಸಲ ಹಾಕಿದಳು.

ಗೋಡೆಯ ಫಲಕದಲ್ಲಿ ನಾಲ್ಕೂ ದೀಪಗಳು ಹಸಿರಾಗಿದ್ದವು. ಎರಡು ಸೆಕೆಂಡಿಗೊಮ್ಮೆ ಮೂರನೆಯದು ಮಿನುಗಿ, ತಾನಿದ್ದೇನೆ ಎನ್ನುತ್ತಿತ್ತು. ಅವಳು ಪೆನ್ಸಿಲಿನ ಅಕ್ಷರಗಳ ಮೇಲೆ ಶಾಯಿಯಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ಬರೆದಳು: ಹೆಚ್ಚೆಂದರೆ 1.13 ಸೆಕೆಂಡು.